ಐಸಿಯು ಬಿಟ್ಟು ಕ್ಲಿನಿಕ್‌ಗೆ ಹೋಗಬೇಕಾ? ಟೆಕ್ಸಸ್‌ನ ನರ್ಸ್ ಒಬ್ಬರ ಪ್ರಶ್ನೆ

ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಅವರ ಒಪ್ಪಿಗೆ ತಗೊಂಡೇ ಬರೆಯುತ್ತಿದ್ದೇನೆ.

ಸುಜಾತಾ ಅಂತ ಇಟ್ಟುಕೊಳ್ಳೋಣ. ಹಾಸನದ ಕಡೆಯವರು. ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದಿ, ಎನ್‌ಕ್ಲೆಕ್ಸ್ (ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆ) ಪಾಸಾಗಿ ಅಮೆರಿಕಕ್ಕೆ ಹೋದವರು. ಈಗ ಟೆಕ್ಸಸ್‌ನಲ್ಲಿ ಐಸಿಯು ನರ್ಸ್, ಹೆಚ್ಚಾಗಿ ನೈಟ್ ಶಿಫ್ಟ್. ಗಂಡ ಐಟಿಯಲ್ಲಿದ್ದಾರೆ. ಇಬ್ಬರು ಮಕ್ಕಳು, ಚಿಕ್ಕವನಿಗೆ ಇನ್ನೂ ನಾಲ್ಕು ವರ್ಷ. ಅತ್ತೆ ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳು ಇದ್ದು ಹೋಗುತ್ತಾರೆ. ಅವರು ಇರುವಷ್ಟು ದಿನ ಮನೆ ಹೇಗೋ ನಡೆಯುತ್ತದೆ, ಅವರು ವಿಮಾನ ಹತ್ತಿದ ಮರುದಿನದಿಂದ ಗಂಡ ಹೆಂಡತಿ ಇಬ್ಬರಿಗೂ ನಿದ್ದೆ ಇಲ್ಲ.

ನರ್ಸ್ ಪ್ರಾಕ್ಟೀಷನರ್ ಅಂದರೆ ಎನ್‌ಪಿ (ಹೆಚ್ಚು ಓದಿ, ರೋಗಿಗಳನ್ನು ತಾವೇ ಪರೀಕ್ಷಿಸಿ ಔಷಧ ಬರೆಯುವ ನರ್ಸ್) ಓದಬೇಕು ಅಂತ ತೀರ್ಮಾನ ಆಗಿತ್ತು. ಯಾವ ವಿಭಾಗ ಅನ್ನೋದೇ ಜಗಳ. ಗೆಳತಿಯರೆಲ್ಲ ಹೇಳಿದ್ದು: ಸೈಕ್, ಅಂದರೆ ಮಾನಸಿಕ ಆರೋಗ್ಯದ ವಿಭಾಗ ಮಾಡು, ಮನೇಲೇ ಕೂತು ವಿಡಿಯೋದಲ್ಲಿ ರೋಗಿಗಳನ್ನ ನೋಡಬಹುದು. ಗಂಡ ಹೇಳಿದ್ದು: ಫ್ಯಾಮಿಲಿ ಎನ್‌ಪಿ ಮಾಡು, ಎಂಟರಿಂದ ಐದು, ಶನಿವಾರ ಭಾನುವಾರ ರಜೆ. ಸುಜಾತಾ ಸಲಹೆಗೆ ಅಂತ ನನ್ನ ಹತ್ತಿರ ಬಂದಾಗ ಕೇಳಿದ್ದೂ ಅಷ್ಟೇ, "ಮೇಡಂ, ಯಾವುದು ಓದಿದರೆ ಮಕ್ಕಳ ಜೊತೆ ಇರೋಕೆ ಆಗುತ್ತೆ, ಅದನ್ನ ಹೇಳಿಬಿಡಿ."

ನಾನು ಅದಕ್ಕೆ ಉತ್ತರ ಕೊಡಲಿಲ್ಲ. ಮೊದಲು ಅವರಿಗೆ ಒಂದು ವಿಷಯ ಸ್ಪಷ್ಟ ಆಗಬೇಕಿತ್ತು, ಇದೇ ಪ್ರಶ್ನೆ ಇರುವ ಎಲ್ಲರಿಗೂ ನಾನು ಇದನ್ನೇ ಒತ್ತಿ ಹೇಳುತ್ತೇನೆ. 1965ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಹೆನ್ರಿ ಸಿಲ್ವರ್ ಈ ಕೋರ್ಸ್ ಶುರು ಮಾಡಿದಾಗ ಅದು ಮಕ್ಕಳ ಆರೈಕೆಗೆ ಮಾತ್ರ ಇತ್ತು. ಈಗ ಫ್ಯಾಮಿಲಿ, ಅಕ್ಯೂಟ್ ಕೇರ್ (ಆಸ್ಪತ್ರೆಯಲ್ಲಿರುವ ತೀವ್ರ ಕಾಯಿಲೆಯವರ ಆರೈಕೆ), ಸೈಕ್, ಮಹಿಳಾ ಆರೋಗ್ಯ, ನವಜಾತ ಶಿಶು ಅಂತ ಬೇರೆ ಬೇರೆ ದಾರಿಗಳಿವೆ. ನೀವು ಯಾವ ದಾರಿಯಲ್ಲಿ ಓದಿ ಪರೀಕ್ಷೆ ಬರೆಯುತ್ತೀರೋ ಲೈಸೆನ್ಸ್ ಆ ರೋಗಿಗಳಿಗೆ ಮಾತ್ರ. ಕೆಲಸದ ಹೊತ್ತು ಹೊಂದಲಿಲ್ಲ ಅಂದರೆ ಬೇರೆ ಕೆಲಸ ಹುಡುಕಬಹುದು. ರೋಗಿಗಳು ಹೊಂದಲಿಲ್ಲ ಅಂದರೆ ಮತ್ತೆ ಕಾಲೇಜಿಗೆ ಹೋಗಿ ಪೋಸ್ಟ್ ಮಾಸ್ಟರ್ಸ್ ಸರ್ಟಿಫಿಕೇಟ್ ಮಾಡಬೇಕು, ಮತ್ತೆ ಕ್ಲಿನಿಕಲ್ ಗಂಟೆ (ರೋಗಿಗಳ ಜೊತೆಗಿನ ತರಬೇತಿ), ಮತ್ತೆ ಪರೀಕ್ಷೆ, ಮತ್ತೆ ದುಡ್ಡು. ಹಾಗಾಗಿ ರೋಗಿಗಳನ್ನು ಮೊದಲು ಆರಿಸಿಕೊಳ್ಳಿ. ಟೈಮಿಂಗ್ ನೋಡಿಕೊಂಡು ಕೆಲಸವನ್ನು ಆಮೇಲೆ ಆರಿಸಿ.

ಸೈಕ್ ಬಗ್ಗೆ ಮಾತಾಡಿದೆವು. ಮನೆಯಿಂದಲೇ ಕೆಲಸ ಅನ್ನೋದು ಸುಳ್ಳಲ್ಲ, ಆದರೆ ಟೆಕ್ಸಸ್‌ನಲ್ಲಿ ಎನ್‌ಪಿ ಔಷಧ ಬರೆಯಬೇಕಾದರೆ ಒಬ್ಬ ಡಾಕ್ಟರ್ ಜೊತೆ ಲಿಖಿತ ಒಪ್ಪಂದ ಇರಲೇಬೇಕು. ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಕೊಡುವ ಆಡರಾಲ್‌ನಂಥ ಷೆಡ್ಯೂಲ್ 2 ಔಷಧಗಳನ್ನು, ಅಂದರೆ ಚಟ ಹಿಡಿಸುವ ಅಪಾಯ ಇರುವುದರಿಂದ ಬಿಗಿ ನಿಯಂತ್ರಣದಲ್ಲಿರುವ ಔಷಧಗಳನ್ನು, ಆಸ್ಪತ್ರೆಯಲ್ಲಿ ದಾಖಲಾದವರಿಗೆ, ಎಮರ್ಜೆನ್ಸಿಗೆ ಬಂದವರಿಗೆ, ಹಾಸ್ಪೈಸ್ (ಕೊನೆಗಾಲದ ಆರೈಕೆ) ರೋಗಿಗಳಿಗೆ ಬಿಟ್ಟು ಬೇರೆಯವರಿಗೆ ಬರೆಯುವ ಹಾಗಿಲ್ಲ. ಪಕ್ಕದ ನ್ಯೂ ಮೆಕ್ಸಿಕೋದಲ್ಲಿ ಈ ಕಟ್ಟುಪಾಡು ಇಲ್ಲ. ಗೆಳತಿಯರಲ್ಲಿ ಒಬ್ಬರು ಅರಿಜೋನಾದವರು, ಅಲ್ಲೂ ಎನ್‌ಪಿ ಸ್ವತಂತ್ರವಾಗಿ ಕೆಲಸ ಮಾಡಬಹುದು. ಅವರು ತಮ್ಮ ಅನುಭವ ಹೇಳಿದ್ದರು, ಇವರು ಅದನ್ನೇ ತಮ್ಮ ರಾಜ್ಯಕ್ಕೂ ಅನ್ವಯಿಸಿಕೊಂಡಿದ್ದರು. ಅದಕ್ಕಿಂತ ಮುಖ್ಯ, ದಿನವಿಡೀ ಒಬ್ಬರಾದ ಮೇಲೆ ಒಬ್ಬರ ಸಂಕಟ ಕೇಳುವ ಕೆಲಸ ನಿಮಗೆ ಇಷ್ಟಾನಾ ಅಂತ ಕೇಳಿದೆ. "ಇಲ್ಲ ಮೇಡಂ, ನನ್ನ ಕೈಲಾಗಲ್ಲ" ಅಂದರು. ಸೈಕ್ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ, ಇತ್ತೀಚೆಗೆ ನೋಡಿದ ಒಬ್ಬ ರೋಗಿಯ ಬಗ್ಗೆ ಹೇಳಿ ಅಂದೆ. ವೆಂಟಿಲೇಟರ್ ಬಿಡಿಸುವ ಹಂತದಲ್ಲಿದ್ದ ವಯಸ್ಸಾದ ಒಬ್ಬರು. ಮಾನಿಟರ್‌ನಲ್ಲಿ ಆಕ್ಸಿಜನ್ ಚೆನ್ನಾಗೇ ಇತ್ತು, ಅಲಾರಂ ಇಲ್ಲ, ಏನಿಲ್ಲ. ಆದರೆ ಉಸಿರು ಎಳೆದುಕೊಂಡಾಗಲೆಲ್ಲ ಹೊಟ್ಟೆ ಮೇಲೇಳುವ ಬದಲು ಒಳಕ್ಕೆ ಹೋಗುತ್ತಿತ್ತಂತೆ. ಉಸಿರಾಟದ ಸ್ನಾಯುಗಳು ಸೋಲುತ್ತಿವೆ ಅಂತ ಅವರಿಗೆ ಗೊತ್ತಾಯಿತು, ಅಂಕಿ ಇಳಿಯುವ ಮೊದಲೇ ಡಾಕ್ಟರನ್ನು ಕರೆದರು. ಅದನ್ನು ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸುತ್ತಾ ವಿವರಿಸುವಾಗ ಅಷ್ಟು ಹೊತ್ತು ಸುಸ್ತಾಗಿ ಕೂತಿದ್ದ ಹೆಂಗಸು ಇವರೇನಾ ಅನ್ನಿಸಿತು. ಇಂಥ ಕಣ್ಣು ಇರುವವರು ಆಸ್ಪತ್ರೆಯೊಳಗೇ ಇರಬೇಕು. ನಾನು ಅದನ್ನು ನೇರವಾಗಿಯೇ ಹೇಳಿದೆ.

ಹಾಗಂದ ಮಾತ್ರಕ್ಕೆ ಗಂಡನ ಕಷ್ಟ ಸುಳ್ಳಲ್ಲ. ಮುಂದಿನ ಸಲ ಇಬ್ಬರೂ ಬಂದರು. ಎರಡು ವಾರದ ಕ್ಯಾಲೆಂಡರ್ ಕಾಗದದ ಮೇಲೆ ಬರೆದು ತನ್ನಿ ಅಂದಿದ್ದೆ. ದೊಡ್ಡವಳ ಸ್ಕೂಲ್ ಪಿಕಪ್, ಚಿಕ್ಕವನ ಡೇಕೇರ್, ಅಡುಗೆ, ಯಾರು ಯಾವಾಗ ಮಲಗುತ್ತಾರೆ, ಎಲ್ಲ. ಮಧ್ಯಾಹ್ನ ಮೂರು ಗಂಟೆಯ ಪಿಕಪ್ ಜಾಗದಲ್ಲಿ ಹೆಚ್ಚಿನ ದಿನ ಗಂಡನ ಹೆಸರೇ ಇತ್ತು, ಆಫೀಸಿನ ಮೀಟಿಂಗ್ ಕಾರಿನಲ್ಲಿ ಕೂತೇ ಮುಗಿಸುತ್ತಿದ್ದರು. "ಅವಳು ಐಸಿಯುನಲ್ಲಿ ಇರೋದು ನನಗೆ ಬೇಡ ಅಂತಲ್ಲ ಮೇಡಂ, ರಾತ್ರಿ ಮಕ್ಕಳಿಗೆ ಜ್ವರ ಬಂದಾಗ ನಾನೊಬ್ಬನೇ ಇರ್ತೀನಿ" ಅಂದರು. ಅಂದರೆ ಜಗಳ ಇದ್ದದ್ದು ನೈಟ್ ಶಿಫ್ಟ್ ಜೊತೆ. ಅಕ್ಯೂಟ್ ಕೇರ್ ಎನ್‌ಪಿ ಆದವರೆಲ್ಲ ರಾತ್ರಿ ಐಸಿಯುನಲ್ಲೇ ಇರಬೇಕು ಅಂತ ಏನೂ ಇಲ್ಲ. ಹೃದ್ರೋಗ ವಿಭಾಗದಲ್ಲಿ ಹಗಲು ರೌಂಡ್ಸ್, ಪ್ಯಾಲಿಯೇಟಿವ್ ಕೇರ್ (ನೋವು, ಸಂಕಟ ಕಡಿಮೆ ಮಾಡುವ ಆರೈಕೆ), ಸ್ಪೆಷಾಲಿಟಿ ಕ್ಲಿನಿಕ್, ಹೀಗೆ ಬೇಕಾದಷ್ಟು ಹಗಲು ಕೆಲಸಗಳಿವೆ. ಫ್ಯಾಮಿಲಿ ಕ್ಲಿನಿಕ್‌ನಲ್ಲಿ ಐದಕ್ಕೆ ಬಾಗಿಲು ಹಾಕಿದರೂ ಲ್ಯಾಬ್ ರಿಪೋರ್ಟ್, ರೋಗಿಗಳ ಮೆಸೇಜ್, ಉಳಿದ ಚಾರ್ಟಿಂಗ್ (ರೋಗಿಗಳ ದಾಖಲೆ ಬರೆಯುವುದು) ಲ್ಯಾಪ್‌ಟಾಪ್‌ನಲ್ಲಿ ಮನೆಗೆ ಬರುತ್ತವೆ. ಇದನ್ನು ನನ್ನ ಮಾತಿನ ಮೇಲೆ ನಂಬಬೇಡಿ, ಎರಡೂ ಕಡೆ ಒಂದೊಂದು ದಿನ ಎನ್‌ಪಿ ಜೊತೆ ಓಡಾಡಿ ನೋಡಿ ಅಂದೆ. ಸುಜಾತಾ ಹೋಗಿ ಬಂದರು. ಕ್ಲಿನಿಕ್‌ನ ಎನ್‌ಪಿ ಮಕ್ಕಳು ಮಲಗಿದ ಮೇಲೆ ದಿನಾ ಚಾರ್ಟ್ ಮುಗಿಸುತ್ತಾರೆ ಅಂತ ಗೊತ್ತಾದದ್ದು ಗಂಡನಿಗೇ ಹೆಚ್ಚು ಆಶ್ಚರ್ಯ.

ಚಿಕ್ಕ ಊರಿನಲ್ಲಿದ್ದು, ಅಲ್ಲೇ ನೆಲೆಯೂರಬೇಕು, ಮಗುವಿನಿಂದ ಅಜ್ಜಿವರೆಗೆ ಎಲ್ಲರನ್ನೂ ನೋಡಬೇಕು ಅನ್ನುವವರಿಗೆ ಫ್ಯಾಮಿಲಿಯೇ ಸರಿ. ಅಂಥವರಿಗೆ ನಾನು ಅದನ್ನೇ ಹೇಳುತ್ತೇನೆ.

ಕೊನೆಗೆ ಕಾಲೇಜಿನ ಮಾತು. ಎನ್‌ಪಿ ಕೋರ್ಸ್‌ಗಳಿಗೆ ಇರುವ 2022ರ ಮಾನದಂಡದ ಪ್ರಕಾರ ಕನಿಷ್ಠ 750 ಗಂಟೆ ನೇರವಾಗಿ ರೋಗಿಗಳ ಜೊತೆ ಕ್ಲಿನಿಕಲ್ ಇರಬೇಕು. ಆ ಗಂಟೆಗಳಿಗೆ ಕಲಿಸುವ ಪ್ರಿಸೆಪ್ಟರನ್ನು ಎಷ್ಟೋ ಆನ್‌ಲೈನ್ ಕಾಲೇಜುಗಳು ವಿದ್ಯಾರ್ಥಿಯೇ ಹುಡುಕಿಕೊಳ್ಳಲಿ ಅಂತ ಬಿಟ್ಟುಬಿಡುತ್ತವೆ. ಮಕ್ಕಳಿರುವ ತಾಯಿ ಸಿಕ್ಕಸಿಕ್ಕ ಡಾಕ್ಟರಿಗೆ ಫೋನ್ ಮಾಡಿ ಬೇಡಿಕೊಳ್ಳುತ್ತಾ ಕೂರುವ ಸ್ಥಿತಿ ಬರಬಾರದು. ಹಾಗಾಗಿ ಪ್ರಿಸೆಪ್ಟರನ್ನು ಕಾಲೇಜೇ ಕೊಡುತ್ತದೆ ಅಂತ ಬರಹದಲ್ಲಿ ಸಿಗದಿದ್ದರೆ ಸೇರಬೇಡಿ ಅಂದೆ. ಆಸ್ಪತ್ರೆಯವರು ಓದಿಗೆ ದುಡ್ಡು ಕೊಟ್ಟರೆ ವರ್ಷಕ್ಕೆ 5,250 ಡಾಲರ್‌ವರೆಗೆ ತೆರಿಗೆ ಇಲ್ಲ, ಆದರೆ ಓದು ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ಕೆಲಸ ಮಾಡಬೇಕು ಅನ್ನುವ ಷರತ್ತು ಓದಿ ಸಹಿ ಹಾಕಿ ಅಂತಲೂ ಹೇಳಿದೆ.

ಅಕ್ಯೂಟ್ ಕೇರ್‌ಗೆ ಅರ್ಜಿ ಹಾಕುವುದು ಅಂತ ಆಗಿದೆ, ಪಾರ್ಟ್ ಟೈಮ್ ಓದು. ಚಿಕ್ಕವನು ಕಿಂಡರ್‌ಗಾರ್ಟನ್ ಸೇರುವವರೆಗೆ ಕಾಯುತ್ತಾರೆ, ಅಷ್ಟರಲ್ಲಿ ಹಗಲು ಶಿಫ್ಟ್ ಕೇಳಿ ಅರ್ಜಿ ಕೊಟ್ಟಿದ್ದಾರೆ. ಎನ್‌ಪಿ ಆದ ಮೇಲೆ ಮೊದಲ ಎರಡು ವರ್ಷ ನೈಟ್ ಇರುವ ಕೆಲಸ ಒಪ್ಪುವುದಿಲ್ಲ ಅಂತ ಇಬ್ಬರೂ ಮಾತಾಡಿಕೊಂಡಿದ್ದಾರೆ. ಅತ್ತೆಯನ್ನು ಯಾವಾಗ ಕರೆಸುವುದು ಅನ್ನೋದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಓದು ಶುರುವಾದಾಗಲೇ ಬೇಡ, ಕ್ಲಿನಿಕಲ್ ಗಂಟೆಗಳು ಬರುವ ಸೆಮಿಸ್ಟರ್‌ಗೆ ಕರೆಸಿ ಅನ್ನೋದು ನನ್ನ ಸಲಹೆ.