ಕೈಯ ನರ ತುಂಡಾದರೆ ಮತ್ತೆ ಬೆಳೆಯುತ್ತದೆ, ಬೆನ್ನುಹುರಿ ಯಾಕೆ ಬೆಳೆಯುವುದಿಲ್ಲ?

ಮುಖ್ಯ ಕಾರಣ ನರದ ಸುತ್ತ ಇರುವ ಜೀವಕೋಶಗಳು.

ಕೈಕಾಲಿನ ನರಗಳಿಗೆ ಶ್ವಾನ್ ಕೋಶಗಳ ಹೊದಿಕೆ ಇದೆ. ನರ ತುಂಡಾದಾಗ ಇವು ಹಾಳಾದ ಚೂರುಗಳನ್ನು ತೆಗೆದು, ಹೊಸ ಎಳೆಗೆ ಕೊಳವೆಯಂಥ ದಾರಿ ಮಾಡಿಕೊಡುತ್ತವೆ. ಎಳೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ. ಮೊಣಕೈಯಿಂದ ಬೆರಳಿಗೆ ತಲುಪಲು ತಿಂಗಳುಗಟ್ಟಲೆ ಬೇಕು, ಅಲ್ವಾ? ಬೇಗ ಆಸೆ ಬಿಡಬೇಡಿ.

ಬೆನ್ನುಹುರಿಯೊಳಗೆ ಹೊದಿಕೆ ಕೊಡುವ ಕೋಶಗಳೇ ಬೇರೆ. ಅವುಗಳಲ್ಲಿ ಬೆಳವಣಿಗೆ ತಡೆಯುವ ಪ್ರೋಟೀನ್‌ಗಳಿವೆ. ಜೊತೆಗೆ ಗಾಯದ ಜಾಗದಲ್ಲಿ ಕಲೆ ಕಟ್ಟುತ್ತದೆ. ಅದು ಹಾನಿ ಹರಡದಂತೆ ಕಾಯುತ್ತದೆ, ಆದರೆ ಎಳೆಗೂ ಅಡ್ಡ ನಿಲ್ಲುತ್ತದೆ.

ಬೆನ್ನುಹುರಿಯ ನರಗಳಿಗೆ ಬೆಳೆಯುವ ಶಕ್ತಿ ಕಡಿಮೆ, ಆದರೆ ಪೂರ್ತಿ ಇಲ್ಲವೆಂದಲ್ಲ. 1981ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಲಿಗಳ ಬೆನ್ನುಹುರಿಗೆ ಕಾಲಿನ ನರದ ತುಂಡು ಕಸಿ ಮಾಡಿದಾಗ, ಅದರೊಳಗೆ ಈ ಎಳೆಗಳೂ ಉದ್ದಕ್ಕೆ ಬೆಳೆದವು.