ಎರಡನೆಯ ಕ್ಯಾಚರ್‌ನ ತಾಯಿಗೆ

ಸೋದರಿ,

ನ್ಯೂಜೆರ್ಸಿಯಿಂದ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಇಪ್ಪತ್ತೆಂಟರ ಮಗ ಆರು ವರ್ಷಗಳಿಂದ ಮೈನರ್ ಲೀಗ್ ಬೇಸ್‌ಬಾಲ್‌ನಲ್ಲಿ ಎರಡನೆಯ ಕ್ಯಾಚರ್ ಆಗಿಯೇ, ಅಂದರೆ ಪಿಚರ್ (ಚೆಂಡೆಸೆಯುವವನು) ಎಸೆದದ್ದನ್ನು ಬ್ಯಾಟರ್‌ನ ಹಿಂದೆ ಕುಳಿತು ಹಿಡಿಯುವವನ ಬದಲಿಯಾಗಿಯೇ, ಉಳಿದಿದ್ದಾನೆ. ಈಗ ಅತ್ಯುನ್ನತವಾದ ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಟ್ರಿಪಲ್-ಎ ಹಂತದಲ್ಲಿದ್ದರೂ ವಾರಕ್ಕೆ ಎರಡು ಪಂದ್ಯ ಸಿಕ್ಕರೆ ಹೆಚ್ಚು. ಬೆಂಚು ಕಾಯುವುದು ಉದ್ಯೋಗವಲ್ಲ, ಬಂದು ಓದು ಮುಗಿಸಲಿ ಎಂಬುದು ನಿಮ್ಮ ಯಜಮಾನರ ಹಟ. ಆ ಮಾತನ್ನು ಮಗನಿಗೆ ನೀವು ಹೇಳಬೇಕೇ ಎಂದು ಕೇಳಿದ್ದೀರಿ.

ಯಜಮಾನರ ಆತಂಕ ಸುಳ್ಳಲ್ಲ. 2023ರಲ್ಲಿ ಆಟಗಾರರ ಸಂಘದೊಂದಿಗೆ ಆದ ಒಪ್ಪಂದದಂತೆ ಆ ಹಂತದ ಕನಿಷ್ಠ ಸಂಬಳ ವರ್ಷಕ್ಕೆ 35,800 ಡಾಲರ್ ಎಂದು ನಿಗದಿಯಾಯಿತು. ಮೇಜರ್ ಲೀಗ್‌ನಲ್ಲಿ ಒಂದು ದಿನವೂ ಆಡದೆ ಮನೆಗೆ ಮರಳುವವರೇ ಬಹಳ. ಆದರೆ ಎರಡನೆಯ ಕ್ಯಾಚರ್ ಬೆಂಚು ಕಾಯುವವನೆಂಬ ಮಾತನ್ನು ನಾನು ಒಪ್ಪಲಾರೆ. 162 ಪಂದ್ಯಗಳ ಋತುವಿನಲ್ಲಿ ದಿನವೂ ಕುಕ್ಕರಗಾಲಿನಲ್ಲಿ ಕೂರಲು ಯಾರ ಮೊಣಕಾಲಿಗೂ ಆಗದು. ಹಾಗಾಗಿ ಪ್ರತಿ ಮೇಜರ್ ಲೀಗ್ ತಂಡಕ್ಕೂ ಎರಡನೆಯವನು ಬೇಕೇ ಬೇಕು. ಆಡದ ದಿನಗಳಲ್ಲಿ ಅವನು ಪಿಚರ್‌ಗಳ ಎಸೆತ ಹಿಡಿದು ಅವರನ್ನು ಸಜ್ಜುಗೊಳಿಸುತ್ತಾನೆ, ಎದುರಾಳಿ ಬ್ಯಾಟರ್‌ಗಳ ದೌರ್ಬಲ್ಯವನ್ನು ಅಭ್ಯಾಸ ಮಾಡುತ್ತಾನೆ, ಹೊಡೆಸಿಕೊಂಡು ಕಂಗೆಟ್ಟ ಪಿಚರ್‌ನ ಪಕ್ಕ ಕುಳಿತು ಮಾತನಾಡುತ್ತಾನೆ. ಬ್ರೂಸ್ ಬೋಚಿ ಮೇಜರ್ ಲೀಗ್‌ನ ಒಂಬತ್ತು ಋತುಗಳನ್ನು ಬಹುಪಾಲು ಹೀಗೆಯೇ ಕಳೆದವರು. ಮುಂದೆ ಮ್ಯಾನೇಜರ್ ಆಗಿ ಮೇಜರ್ ಲೀಗ್‌ನ ಅಂತಿಮ ಪ್ರಶಸ್ತಿಯಾದ ವರ್ಲ್ಡ್ ಸೀರೀಸನ್ನು ನಾಲ್ಕು ಸಲ ಗೆದ್ದರು. 2002ರಲ್ಲಿ ವೃತ್ತಿಪರ ಬೇಸ್‌ಬಾಲ್‌ಗೆ ಆಯ್ಕೆಯಾದ ಕ್ಯಾಚರ್ ಎರಿಕ್ ಕ್ರಾಟ್ಜ್‌ಗೆ ಮೇಜರ್ ಲೀಗ್‌ನ ಬಾಗಿಲು ತೆರೆದದ್ದು 2010ರಲ್ಲಿ, ಮೂವತ್ತು ತುಂಬಿದ ಮೇಲೆ. ಯಜಮಾನರಿಗೆ ಕ್ರಿಕೆಟ್ ಹತ್ತಿರವಾದರೆ ನಮ್ಮ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿಯವರನ್ನು ನೆನಪಿಸಿ: 1971ರಲ್ಲೇ ಇಂಗ್ಲೆಂಡ್ ಪ್ರವಾಸಕ್ಕೆ ಹೋದವರು, ಫಾರೂಕ್ ಎಂಜಿನಿಯರ್ ಅವರ ನೆರಳಿನಲ್ಲಿ ಕಾದು, ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ.

ಆದ್ದರಿಂದ ಬಿಟ್ಟು ಬಾ ಎಂದು ನೀವು ಹೇಳಬೇಡಿ. ಟ್ರಿಪಲ್-ಎ ತಂಡಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ. ಅಂದು ಫೋನ್ ಮಾಡಿ, ಆಡದಿದ್ದ ದಿನ ಏನು ಮಾಡಿದೆ ಎಂದಷ್ಟೇ ಕೇಳಿ. ಯಾವ ಪಿಚರ್‌ನ ಕೈ ಹೇಗೆ ತಿರುಗುತ್ತಿತ್ತು, ಯಾರಿಗೆ ಏನು ಹೇಳಿಕೊಟ್ಟೆ ಎಂದು ಅವನು ಉತ್ಸಾಹದಿಂದ ವಿವರಿಸಿದರೆ, ಮುಂದೆ ತರಬೇತುದಾರನಾಗಿ ಬಾಳುವ ವಿದ್ಯೆಯನ್ನು ಈಗಲೇ ಕಲಿಯುತ್ತಿದ್ದಾನೆಂದು ತಿಳಿಯಿರಿ. ಕೈತಪ್ಪಿದ ಅವಕಾಶಗಳ ಸಂಕಟವನ್ನೇ ತೋಡಿಕೊಂಡರೆ, ಇನ್ನೊಂದು ಋತುವಿನ ಗಡುವನ್ನು ಅವನೇ ಹಾಕಿಕೊಳ್ಳಲಿ. ಓದಿಗೆ ಮರಳುವ ದಾರಿಯನ್ನು ಅಲ್ಲಿಯವರೆಗೆ ನೀವು ಮೂವರೂ ಕೂಡಿ ವಿಚಾರಿಸಿಡಿ.

ಅದಕ್ಕೂ ಮೊದಲು ಯಜಮಾನರನ್ನು ಒಂದು ಪಂದ್ಯಕ್ಕೆ ಕರೆದುಕೊಂಡು ಹೋಗಿ, ಮಗ ಆಡದ ದಿನವೇ ಆಗಲಿ. ಆಟ ಶುರುವಾಗುವುದಕ್ಕೆ ಒಂದು ಗಂಟೆ ಮುಂಚೆ ತಲುಪಿ, ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಕಡೆ ಅವರನ್ನು ಕೂರಿಸಿ.