ಒಣಗುತ್ತಿರುವ ರೋಸ್ಮರಿ

ಪ್ರಶ್ನೆ: ಎರೆಮಣ್ಣು ತುಂಬಿದ ಕುಂಡದಲ್ಲಿ ರೋಸ್ಮರಿ ಇದೆ. ದಿನಾ ಎರಡು ಹೊತ್ತು ನೀರು ಹಾಕಿದರೂ ಎಲೆ ಕಂದಾಗಿ ಉದುರುತ್ತಿದೆ. ಏನು ಮಾಡಲಿ?
– ಓದುಗರು, ಸಿಂಧನೂರು

ಉತ್ತರ: ನೀರು ಹೆಚ್ಚಾಗಿಯೇ ಗಿಡ ಒಣಗುತ್ತಿದೆ. ಎರೆಮಣ್ಣು ನೀರು ಹಿಡಿದಿಟ್ಟು, ಬೇರಿಗೆ ಗಾಳಿಯಾಡಲು ಬಿಡುವುದಿಲ್ಲ. ದಯವಿಟ್ಟು ಇನ್ನಷ್ಟು ನೀರು ಹಾಕಬೇಡಿ. ಗಿಡ ಎತ್ತಿ ಬೇರು ನೋಡಿ. ಒಳ್ಳೆಯದು ಬೆಳ್ಳಗೆ, ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಪ್ಪಾಗಿ, ಎಳೆದರೆ ಸಿಪ್ಪೆ ಜಾರಿ ನಾರಷ್ಟೇ ಉಳಿಯುತ್ತದೆ. ಕೊಳೆತದ್ದನ್ನು ಕತ್ತರಿಸಿ, ತಳದಲ್ಲಿ ತೂತಿರುವ ಮಣ್ಣಿನ ಕುಂಡಕ್ಕೆ ಬದಲಿಸಿ: 2 ಪಾಲು ದಪ್ಪ ಮರಳು, 2 ಪಾಲು ಕೆಂಪು ಮಣ್ಣು, ಅರ್ಧ ಪಾಲು ಕಳಿತ ಗೊಬ್ಬರ. ಬೆರಳು 2 ಇಂಚು ಇಳಿಸಿದಾಗ ಒಣಗಿದ್ದರೆ ಮಾತ್ರ ನೀರು. ಏಪ್ರಿಲ್, ಮೇನಲ್ಲಿ ಮಧ್ಯಾಹ್ನ ನೆರಳು ಬೇಕು.

ಬೇರುಗಳೆಲ್ಲ ಕಪ್ಪಾಗಿದ್ದರೆ 4 ಇಂಚಿನ ಹಸಿರು ತುದಿ ಕತ್ತರಿಸಿ, ಕೆಳಗಿನ ಎಲೆ ಸವರಿ, ಒದ್ದೆ ಮರಳಿನಲ್ಲಿ ಊರಿ. ಎಲೆ ಉದುರಿದ ಬಲಿತ ಕಾಂಡ ಚಿಗುರುವುದಿಲ್ಲ.